ಪೆನ್ಸಿಲ್ ಮೇಡಂ

"ಬಿಡು ಚಿಕ್ಕಮ್ಮ, ಅದು ಹೋಗಲ್ಲ," ಎಂದಳು ಅಕ್ಕನ ಮಗಳು.

ತಂಗಿ ಬಿಡಲಿಲ್ಲ. ಒದ್ದೆ ಬಟ್ಟೆ ಹಿಂಡಿ, ಅಕ್ಕನ ತಣ್ಣಗಾದ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಉಗುರಿನ ಸಂದಿಯಲ್ಲಿ ಪೆನ್ಸಿಲ್ ಕಡ್ಡಿಯ ಕಪ್ಪು ಹಾಗೇ ಉಳಿಯಿತು. ರಾತ್ರಿ ಉಂಡು ಮಲಗಿದ ಅಕ್ಕ ಬೆಳಿಗ್ಗೆ ಏಳಲೇ ಇಲ್ಲ.

"ಎಲ್ಲರೂ ಬಂದ್ರಲ್ಲ, ಹೊರಡೋಣ," ಎಂದ ಅಳಿಯ.

"ಅಕ್ಕನ ಶಿಷ್ಯೆ ಬಂದಿಲ್ವಲ್ಲಪ್ಪಾ."

"ಅವಳಿಗೇನು ಧಾಡಿ? ಬೆಳಿಗ್ಗೇನೇ ಫೋನ್ ಮಾಡಿದ್ದೆ." ಮಗಳ ದನಿ ಬಿರುಸಾಯಿತು. "ಅಮ್ಮ ನನಗಿಂತ ಅವಳ ಜೊತೆ ಮಾತಾಡಿದ್ದೇ ಹೆಚ್ಚು. ಇವತ್ತೂ ಅವಳಿಗೆ ಲ್ಯಾಬೇ ದೊಡ್ಡದಾಯ್ತಾ?"

*

ಹಲವು ವರ್ಷಗಳ ಹಿಂದೆ ತಂಗಿ ಶಾಲೆಯಲ್ಲಿ ಚಿತ್ರಕಲೆ ಟೀಚರ್. ಅಕ್ಕ ಲ್ಯಾಬಿನಲ್ಲಿ ಡೋಪಮೈನ್ ಅಳೆಯುತ್ತಿದ್ದಳು: ಮಿದುಳಿನಲ್ಲಿ ಒಂದು ನರದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ವಸ್ತು ಅದು. ಅದನ್ನು ಅಳೆಯಲು ದ್ರಾವಣದಲ್ಲಿ ಅದ್ದುವ, ಹೊರದೇಶದಿಂದ ತರಿಸಿದ್ದ ದುಬಾರಿ ಎಲೆಕ್ಟ್ರೋಡ್ ಒಡೆದಾಗ ಹೊಸದು ಕೊಡಿಸುವವರು ಯಾರೂ ಇರಲಿಲ್ಲ. ವಾರವಿಡೀ ಮುಖ ಗಂಟಿಕ್ಕಿಕೊಂಡಿದ್ದವಳು ಒಂದು ಮಧ್ಯಾಹ್ನ ಶಾಲೆಗೇ ಫೋನ್ ಮಾಡಿದಳು.

"ಬಂತು ಕಣೇ! ಬಂತು!"

"ಯಾರು ಬಂದ್ರಕ್ಕಾ? ನಿಮ್ಮತ್ತೆನಾ?"

"ಥೂ, ಅವರಲ್ಲ! ಗೆರೆ ಕಣೇ. ನಿನ್ನ ಡಬ್ಬಿಯಿಂದ ಪೆನ್ಸಿಲ್ ಕದ್ದಿದ್ದೆ. ಸೀಳಿ, ಒಳಗಿನ ಕಡ್ಡಿಗೆ ತಂತಿ ಕಟ್ಟಿ ಡೋಪಮೈನ್ ನೀರಲ್ಲಿ ಅದ್ದಿದೆ. ಪರದೆ ಮೇಲೆ ಗೆರೆ ಗುಡ್ಡ ಹತ್ತಿದ ಹಾಗೆ ಏರ್ತು!"

ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಪೆನ್ಸಿಲ್ ಮೇಡಂ. ಮಗಳ ಕಂಪಾಸು ಪೆಟ್ಟಿಗೆಯಲ್ಲಿ ಮಾತ್ರ ಬರೆಯುವ ಪೆನ್ಸಿಲ್ ಒಂದೂ ಉಳಿಯುತ್ತಿರಲಿಲ್ಲ. "ಅಮ್ಮ ಮತ್ತೆ ಸೀಳಿಬಿಟ್ಲು ಚಿಕ್ಕಮ್ಮ," ಎಂದು ಮೂಗೆಳೆಯುತ್ತಾ ಹುಡುಗಿ ದೂರು ತರುತ್ತಿದ್ದಳು.

*

ಅಕ್ಕನನ್ನು ಮಲಗಿಸಿದ್ದ ವ್ಯಾನು ಹೊರಡುವಷ್ಟರಲ್ಲಿ ಶಿಷ್ಯೆ ಏದುಸಿರು ಬಿಡುತ್ತಾ ಓಡಿಬಂದಳು. ಲ್ಯಾಬಿನ ಬಿಳಿ ಕೋಟನ್ನೂ ಕಳಚಿರಲಿಲ್ಲ.

"ಈಗ ಬಿಡುವಾಯ್ತಾ?" ಎಂದಳು ಮಗಳು ವ್ಯಾನಿನೊಳಗಿಂದ.

"ನಿನ್ನೆ ಸಂಜೆ ಮೇಡಂ ಹೊಸ ಕಡ್ಡಿ ಉಜ್ಜಿ, ದ್ರಾವಣ ಕಲಸಿಟ್ಟು ಹೋಗಿದ್ರು. ಇಟ್ರೆ ಅದು ಕೆಡುತ್ತೆ. ಚೆಲ್ಲೋಕೆ ಮನಸ್ಸು ಬರಲಿಲ್ಲ. ಅವರೇ ಕೈಯಾರೆ ಕಲಸಿದ್ದು. ಕಡ್ಡಿ ಅದ್ದಿ ಅಳೆದುಬಿಟ್ಟೆ."

ಮಗಳು ಮುಖ ತಿರುಗಿಸಿದಳು. ತಂಗಿಗೆ ತಡೆಯಲಾಗಲಿಲ್ಲ. "ಗೆರೆ ಬಂತೇನಮ್ಮಾ?"

"ಬಂತು. ಎಷ್ಟು ಚೆನ್ನಾಗಿ ಬಂತು ಅಂದ್ರೆ..." ಹುಡುಗಿ ರಸ್ತೆಯಲ್ಲೇ ಕುಸಿದು ಬಿಕ್ಕಿದಳು. "ಯಾರಿಗೆ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ."

ಮಗಳು ತಾನೇ ವ್ಯಾನಿನಿಂದ ಇಳಿದುಬಂದು ಅವಳ ತೋಳು ಹಿಡಿದಳು.

"ಏಳು. ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ಥೇಟ್ ಅಮ್ಮನೇ," ಎಂದು ಗೊಣಗುತ್ತಾ ಮಗಳು ಅವಳನ್ನು ಹತ್ತಿಸಿ ತನ್ನ ಮಗ್ಗುಲಲ್ಲೇ ಕೂರಿಸಿಕೊಂಡಳು.

ದಾರಿಯಲ್ಲಿ, ಅತ್ತು ದಣಿದ ಹುಡುಗಿಗೆ ಜೋಂಪು ಹತ್ತಿತು. ಎದುರಿಗೆ ಕೂತಿದ್ದ ತಂಗಿ ನೋಡುತ್ತಲೇ ಇದ್ದಳು. ವ್ಯಾನು ತಿರುವಿನಲ್ಲಿ ವಾಲಿದಾಗ ಮಗಳು ಒಂದು ಕೈಯಲ್ಲಿ ಅಮ್ಮನ ಹೆಗಲನ್ನು ಹಿಡಿದುಕೊಂಡು, ಇನ್ನೊಂದರಲ್ಲಿ ಆ ಹುಡುಗಿಯ ತಲೆಯನ್ನು ಜಾರದಂತೆ ತನ್ನ ಭುಜಕ್ಕೆ ಒತ್ತಿಕೊಂಡಳು.