ಸೀಟಿನ ಲೆಕ್ಕಕ್ಕೆ ಬಾರದವಳು

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಯಾಕಕ್ಕ’ ಎಂದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಬಾಯಿ ತೆರೆದರೆ ‘ಯಾಕೆ?’ ಎನ್ನುವವಳಿಗೆ ಆ ಹೆಸರು ನಿಲ್ಲುವುದಾದರೂ ಹೇಗೆ? ಹಾಲು ಯಾಕೆ ಒಡೆಯಿತು, ಬಾಗಿಲು ಮಳೆಗಾಲದಲ್ಲೇ ಯಾಕೆ ಬಿಗಿಯುತ್ತದೆ, ಪಕ್ಕದ ಮನೆಯ ನಾಯಿ ಅಂಚೆಯವನಿಗೆ ಬೊಗಳಿ ಕಳ್ಳನಿಗೆ ಯಾಕೆ ಬಾಲ ಅಲ್ಲಾಡಿಸಿತು! ಉತ್ತರ ಸಿಗುವ ತನಕ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

ಹಾಗಾಗಿ ಗಂಡ ಒಂದು ಬೆಳಿಗ್ಗೆ, “ಈ ಪುಟ್ಟ ಟ್ರ್ಯಾಕ್ಟರಿನ ಸಹವಾಸ ಸಾಕು, ದೊಡ್ಡದು ತಗೊಳ್ಳೋಣ” ಎಂದಾಗ ಅವಳು ಏನು ಕೇಳಿದಳು ಎಂದು ಬೇರೆ ಹೇಳಬೇಕಾಗಿಲ್ಲ.

“ಹೋದ ಸಲ ಇಳಿಜಾರಲ್ಲಿ ಏನಾಯ್ತು ನೋಡಿದ್ಯಲ್ಲ! ಪೆಂಡಿ ಕಟ್ಟೋ ಮಶೀನು ಹಿಂದಿನಿಂದ ತಳ್ಳಿ ಟ್ರ್ಯಾಕ್ಟರನ್ನೇ ಬೇಲಿ ತನಕ ಕರ್ಕೊಂಡು ಹೋಯ್ತು. ಎಳೆಯೋರು ಯಾರು, ಎಳೆಸ್ಕೊಳ್ಳೋರು ಯಾರು ಅಂತಲೇ ಗೊತ್ತಾಗಲಿಲ್ಲ.”

ಮನೆಯ ಹಿಂದೆ ಅವರಿಗೆ ದೊಡ್ಡ ಹುಲ್ಲುಗಾವಲಿತ್ತು. ಅಲ್ಲಿನ ಹುಲ್ಲು ಕೊಯ್ದು, ಒಣಗಿಸಿ, ಪೆಂಡಿ ಕಟ್ಟಿ ಕುದುರೆ ಸಾಕುವವರಿಗೆ ಮಾರುವುದು ಗಂಡನ ಕೆಲಸ. ಮನೆಯ ಮುಂದೆ, ಸಮಾರಂಭಗಳಿಗೆ ಬಾಡಿಗೆಗೆ ಕೊಡುವ ವಿಶಾಲವಾದ ಲಾನ್. ಅದರ ಹುಲ್ಲು ಕತ್ತರಿಸುವುದು ಅವಳ ಕೆಲಸ. ಕೆಲಸ ಅನ್ನುವುದೂ ತಪ್ಪು. ವಾರಕ್ಕೊಮ್ಮೆ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತರೆ ಎಂಜಿನ್ನಿನ ಸದ್ದಿನಲ್ಲಿ ಅತ್ತೆ ಕರೆದದ್ದು ಕೇಳಿಸದು, ಫೋನು ಕೇಳಿಸದು, ಕುಕ್ಕರ್ ಕೂಗಿದ್ದು ಕೇಳಿಸದು. ಇಡೀ ಲೋಕದಲ್ಲಿ ಅವಳನ್ನು ಯಾರೂ ಕೂಗದ ಜಾಗ ಅದೊಂದೇ. ಎರಡು ಕೆಲಸಕ್ಕೂ ಒಂದೇ ಟ್ರ್ಯಾಕ್ಟರ್ ಎಂದರೆ, ಬರುವ ಹೊಸ ಗಾಡಿ ತನಗೆ ಒಗ್ಗದಿದ್ದರೆ ಆ ಜಾಗವೂ ಹೋಯಿತು ಎಂದು ಅವಳಿಗೆ ಆಗಲೇ ಒಳಗೊಳಗೇ ಪುಕುಪುಕು ಶುರುವಾಗಿತ್ತು.

ಶೋರೂಮಿನ ಅಂಗಳದಲ್ಲಿ ಮೂರು ಗಾಡಿ ನಿಂತಿದ್ದವು. ಮಾರಾಟದವನು ಬಲದ ಬಗ್ಗೆ ಒಂದೇ ಉಸಿರಿಗೆ ಮಾತಾಡಿದ. ಅವನು ಉಸಿರು ತಗೊಳ್ಳಲು ನಿಲ್ಲಿಸಿದ್ದೇ ತಡ, ಅವಳು ಕೇಳಿದಳು.

“ಇದರ ತೂಕ ಎಷ್ಟು?”

“ಬಲ ಹೇಳಿದ್ನಲ್ಲ ಮೇಡಂ, ಎಷ್ಟು ಬೇಕಾದ್ರೂ ಎಳೆಯತ್ತೆ.”

“ಎಳೆಯೋದಕ್ಕೆ ನಮ್ಮ ಹಳೇದೂ ಎಳೀತಿತ್ತು. ಹಿಂದಿನಿಂದ ತಳ್ಳಿದಾಗ ತಡ್ಕೊಳ್ಳೋಕೆ ತೂಕ ಬೇಕಲ್ವಾ? ಆದ್ರೆ ತೂಕ ಜಾಸ್ತಿ ಆದ್ರೆ ಲಾನ್ ಗತಿ ಏನು?”

ಅವನು ಟೈರುಗಳ ಪುರಾಣ ತೆಗೆದ. ಎತ್ತರದ ಹಲ್ಲಿನ ಟೈರು ಹೊಲಕ್ಕೆ, ನುಣುಪಿನದು ಲಾನಿಗೆ, ಬೇಕಾದಾಗ ಬದಲಾಯಿಸಿಕೊಂಡರಾಯಿತು ಎಂದ. “ವಾರವಾರ ಚಕ್ರ ಬಿಚ್ಚಿ ಹಾಕೋಕೆ ನೀವು ಬರ್ತೀರಾ?” ಎಂದಳು. ಆಗ ಹಿಂದಿನ ಶೆಡ್ಡಿನಿಂದ ಮೂರನೆಯ ಬಗೆಯ ಟೈರು ಹಾಕಿದ್ದ ಗಾಡಿಯೊಂದು ಹೊರಬಂತು: ಅಗಲವಾದ, ಗಿಡ್ಡ ಹಲ್ಲಿನ ಟೈರು. ಲಾನ್ ಮೇಲೆ ಗುರುತೇ ಬೀಳುವುದಿಲ್ಲ ಎಂದು ಅವನು ಎದೆ ತಟ್ಟಿ ಹೇಳಿದ.

“ಹಾಗಾದ್ರೆ ನಿಮ್ಮ ಶೋರೂಮಿನ ಮುಂದೆ ಇದೆಯಲ್ಲ ಹುಲ್ಲು, ಅದರ ಮೇಲೇ ಒಂದು ಸುತ್ತು ಹೊಡೀರಿ.”

ಅವನ ಮುಖ ಸಣ್ಣಗಾಯಿತು. ಹೊಡೆದ. ಗಾಡಿ ದಾಟಿದ ಮೇಲೆ ಅವಳು ಕುಕ್ಕರುಗಾಲಿನಲ್ಲಿ ಕೂತು, ಮಲಗಿದ ಹುಲ್ಲು ಏಳುವುದನ್ನು ಕಾದು ನೋಡಿದಳು. ಎದ್ದಿತು. ಮಾರಾಟದವನೂ ನಿರಾಳವಾಗಿ ಎದ್ದು ನಿಂತ.

ಇಷ್ಟು ಹೊತ್ತು ಗಂಡ ಮಾಡಿದ್ದೇನು? ಮೂರರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹತ್ತಿ, ಒಂದು ಕೈ ಸೀಟಿನ ಕೆಳಗೆ ಇಳಿಬಿಟ್ಟು ಸುಮ್ಮನೆ ಕೂತಿದ್ದ. ಎಂಜಿನ್ನಿನ ಮುಚ್ಚಳ ತೆಗೆಸಲಿಲ್ಲ, ಗೇರು ಹಾಕಿ ನೋಡಲಿಲ್ಲ, ತುಟಿ ಪಿಟಕ್ಕೆನ್ನಲಿಲ್ಲ. ಅವಳಿಗೆ ಹಿಡಿಸಿದ್ದು ಮಧ್ಯದ್ದು, ಹತ್ತಿ ಇಳಿಯಲು ಸಲೀಸು. “ಇದೇ ಇರಲಿ” ಎಂದು ಅವನು ದೊಡ್ಡದರ ಮೇಲಿಂದಲೇ ಹೇಳಿದ. ಯಾಕೆ ಎಂದು ಕೇಳಿದರೆ, “ಚೆನ್ನಾಗಿದೆ” ಎಂದ. ಗಂಡಸರಿಗೆ ದೊಡ್ಡದು ಅಂದರೆ ಸಾಕು, ಮಕ್ಕಳ ಹಾಗೆ ಬಾಯಿ ಬಿಡ್ತಾರೆ ಎಂದುಕೊಂಡು ಅವಳು ಆ ಪ್ರಶ್ನೆಯನ್ನು ಅಲ್ಲಿಗೇ ಕೈಬಿಟ್ಟಳು. ಎರಡು ದಿನ ಮನೆಯಲ್ಲಿ ಓಡಿಸಿ ನೋಡಿ ಹೇಳಿ ಎಂದು ಮಾರಾಟದವನು ಆ ದೊಡ್ಡ ಗಾಡಿಗೇ ಗಿಡ್ಡ ಹಲ್ಲಿನ ಟೈರು ಹಾಕಿಸಿ ಕಳಿಸಿಕೊಟ್ಟ.

ಮೊದಲ ದಿನ ಗಂಡ ಇಳಿಜಾರಿನಲ್ಲಿ ಪೆಂಡಿ ಕಟ್ಟಿದ. ಹಿಂದಿನ ಮಶೀನು ಎಷ್ಟು ತಳ್ಳಿದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಸಂಜೆ ಅವಳ ಸರದಿ. ಕತ್ತರಿಸುವ ಮಶೀನು ಜೋಡಿಸಿ, ಹತ್ತಿ ಕೂತು, ಎಂಜಿನ್ ಶುರು ಮಾಡಿ, ಬ್ಲೇಡು ತಿರುಗುವ ಗುಂಡಿ ಒತ್ತಿದಳು. ಎಂಜಿನ್ ಗಪ್ ಚುಪ್. ಮತ್ತೆ ಶುರು ಮಾಡಿದಳು, ಮತ್ತೆ ನಿಂತಿತು. ಗಂಡ ಹತ್ತಿ ಕೂತ, ಗಾಡಿ ಗುರ್ರೆಂದು ಓಡಿತು. ಅವಳು ಕೂತಳು, ನಿಂತಿತು.

“ನಿನ್ನ ಪ್ರಶ್ನೆಗೆ ಹೆದರಿರಬೇಕು” ಎಂದರು ಜಗಲಿಯಲ್ಲಿದ್ದ ಅತ್ತೆ.

“ಅತ್ತೆ, ಒಂದು ನಿಮಿಷ ನೀವು ಬಂದು ಕೂತ್ಕೊಳ್ಳಿ.”

“ನನಗೆ ಸೈಕಲ್ಲೇ ಬರಲ್ಲ ಕಣೇ!”

“ಓಡಿಸೋದು ಬೇಡ, ಕೂತ್ರೆ ಸಾಕು.”

ಇಬ್ಬರೂ ಸೇರಿ ಅತ್ತೆಯನ್ನು ಮೇಲೆ ಹತ್ತಿಸುವಷ್ಟರಲ್ಲಿ ಹೈರಾಣಾದರು. ಅತ್ತೆ ದಷ್ಟಪುಷ್ಟ ಹೆಂಗಸು. ಅವರು ಕಣ್ಣು ಮುಚ್ಚಿ ಸ್ಟೀರಿಂಗ್ ಹಿಡಿದು ಕೂತರು, ಗಾಡಿ ನಿಂತಲ್ಲೇ ಬ್ಲೇಡು ಚೆನ್ನಾಗಿ ತಿರುಗಿತು. ಅವಳ ಕಣ್ಣು ಮಿನುಗಿತು. ಅತ್ತೆಯನ್ನು ಇಳಿಸಿ, ಲಾನಿಗೆ ಹಾಕುವ ಗೊಬ್ಬರದ ಚೀಲವೊಂದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಾನು ಕೂತಳು. ಈಗ ಎಂಜಿನ್ ನಿಲ್ಲಲಿಲ್ಲ. ಚೀಲ ಕೆಳಗಿಳಿಸಿದಳು, ನಿಂತಿತು.

ಫೋನು ಮಾಡಿ ಕೇಳಿದಾಗ ಶೋರೂಮಿನ ಮೆಕ್ಯಾನಿಕ್ ನಕ್ಕ. “ಸೀಟಿನ ಕೆಳಗೊಂದು ಸ್ವಿಚ್ ಇರತ್ತೆ ಅಕ್ಕಾ. ಓಡಿಸೋರು ಬಿದ್ದುಗಿದ್ದು ಹೋದ್ರೆ ಬ್ಲೇಡು ನಿಲ್ಲಲಿ ಅಂತ. ನಿಮ್ಮ ತೂಕ ಅದಕ್ಕೆ ತಾಗ್ತಿಲ್ಲ.”

ಅತ್ತೆಗೆ ವಿಷಯ ತಿಳಿಸಿದಾಗ ಅವರು ಗಲ್ಲದ ಮೇಲೆ ಕೈಯಿಟ್ಟುಕೊಂಡರು. “ಅಂದ್ರೆ ನೀನು ಕೂತಿದ್ರೂ, ಅದರ ಲೆಕ್ಕದಲ್ಲಿ ನೀನು ಇಲ್ವೇ ಇಲ್ಲ!”

ತಮಾಷೆಗೆ ಹೇಳಿದ್ದೇ. ಆದರೂ ಅವಳಿಗೆ ಚುರುಕ್ಕೆಂದಿತು. “ಹೋಗಲಿ ಬಿಡು, ಚಿಕ್ಕವನಿಗೆ ಹೇಳಿದ್ರೆ ವಾರಕ್ಕೊಂದು ಸಲ ಬಂದು ಕತ್ತರಿಸ್ತಾನೆ” ಎಂದು ಅತ್ತೆ ತಮ್ಮ ಕಿರಿಮಗನ ಹೆಸರೆತ್ತಿದರು.

“ಅವನು ಯಾಕೆ? ಇವಳೇ ಓಡಿಸ್ತಾಳೆ” ಎಂದ ಗಂಡ. ಆಗಲೇ ಇಕ್ಕಳ ಹಿಡಿದು ಬಂದಿದ್ದ. “ಎರಡು ವೈರು ಸೇರಿಸಿಬಿಟ್ರೆ ಸ್ವಿಚ್ಚಿನ ಕಾಟ ಇರಲ್ಲ.”

“ನಾನು ನಿಜವಾಗ್ಲೂ ಬಿದ್ರೆ?” ಎಂದಳು.

ಅವನು ಇಕ್ಕಳ ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಅವಳು ಟಾರ್ಚು ಹಿಡಿದು ಸೀಟಿನಡಿ ತಲೆ ತೂರಿಸಿದಳು. ದಪ್ಪ ಸ್ಪ್ರಿಂಗು, ಅದರ ಪಕ್ಕ ಕಪ್ಪು ತಿರುಗುಗುಂಡಿ, ಗುಂಡಿಯ ಸುತ್ತ ಅಂಕಿಗಳು. ಕೂರುವವರ ತೂಕಕ್ಕೆ ತಕ್ಕಂತೆ ಸೀಟನ್ನು ಬಿಗಿ ಅಥವಾ ಮೆದು ಮಾಡುವ ಏರ್ಪಾಡು. ಗುಂಡಿ ಗಂಡನ ತೂಕದ ಹತ್ತಿರವೇ ಕಚ್ಚಿಕೊಂಡು ನಿಂತಿತ್ತು. ಶೋರೂಮಿನಲ್ಲಿ ಸುಮ್ಮನೆ ಕೂತಿದ್ದಾಗ ಅವನ ಕೈ ಕೆಳಗೆ ಏನು ಮಾಡುತ್ತಿತ್ತು ಎಂದು ಈಗ ತಿಳಿಯಿತು. ಎರಡೂ ಕೈ ಹಾಕಿ ತನ್ನ ತೂಕಕ್ಕೆ ತಿರುಗಿಸಿದಳು. ಹತ್ತಿ ಕೂತಾಗ ಸೀಟು ಮೆತ್ತಗೆ ಕೆಳಗಿಳಿಯಿತು. ಬ್ಲೇಡು ತಿರುಗಿತು, ನಿಲ್ಲಲಿಲ್ಲ. ಲಾನಿನ ತುಂಬ ಸುತ್ತು ಹೊಡೆದಳು. ಅತ್ತೆ ಏನೋ ಕೂಗುತ್ತಿದ್ದುದು ಕಾಣಿಸಿತು, ಕೇಳಿಸಲಿಲ್ಲ. ಆಹಾ, ಎಂಥ ಸುಖ!

ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿ ಗಂಡನಿಗೆ ಸುದ್ದಿ ಹೇಳಲು ಓಡಿದಳು. ಅವನು ಹುಲ್ಲುಗಾವಲಿಗೆ ಹೊರಡುವ ಅವಸರದಲ್ಲಿ, ಅವಳ ಮಾತು ಪೂರ್ತಿ ಕೇಳಿಸಿಕೊಳ್ಳದೆ ದಡಕ್ಕನೆ ಹತ್ತಿ ಕೂತ. ಅವಳ ತೂಕಕ್ಕೆ ಮೆದುವಾಗಿದ್ದ ಸೀಟು ಅವನ ಭಾರಕ್ಕೆ ಒಮ್ಮೆಲೇ ಕುಸಿದು ತಳಕ್ಕೆ ಬಡಿಯಿತು. “ಅಮ್ಮಾ!” ಎಂದು ಅವನು ಸ್ಟೀರಿಂಗಿನ ಮೇಲೆ ಒರಗಿಬಿಟ್ಟ. ಮುಖ ಬಿಳಿಚಿಕೊಂಡಿತ್ತು.

“ಏನಾಯ್ತು ರೀ? ಎಲ್ಲಿ ನೋವು?”

ಅವನ ಕೈ ಸೊಂಟದ ಹಿಂದೆ ಹೋಯಿತು.

“ಎಷ್ಟು ದಿನದಿಂದ?”

“ವರ್ಷ ಆಯ್ತು” ಎಂದ, ತಪ್ಪು ಮಾಡಿದವನ ಹಾಗೆ. “ಹಳೇದರಲ್ಲಿ ಹುಲ್ಲುಗಾವಲು ಸುತ್ತಿ ಬಂದ್ರೆ ಪ್ರಾಣ ಬಾಯಿಗೆ ಬರತ್ತೆ. ಇದರ ಸೀಟು ಸ್ವಲ್ಪ ಕುಲುಕಾಟ ತಡೀತಿತ್ತು. ಅದಕ್ಕೇ ಇದೇ ಇರಲಿ ಅಂದಿದ್ದು.”

ವರ್ಷದಿಂದ ಅವನು ಮಂಚ ಬಿಟ್ಟು ನೆಲದ ಮೇಲೆ ಮಲಗುತ್ತಿದ್ದ. ಸೆಕೆ ಎಂದಿದ್ದ. ಚಳಿಗಾಲ ಬಂದರೂ ಅಲ್ಲೇ ಮಲಗಿದ್ದ. ಹಾಲು ಒಡೆದದ್ದಕ್ಕೂ ನಾಯಿ ಬೊಗಳಿದ್ದಕ್ಕೂ ಕಾರಣ ಹುಡುಕಿದ ಅವಳು, ಪಕ್ಕದಲ್ಲೇ ಇದ್ದ ಇದನ್ನು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

“ನನಗೆ ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳಿದ್ರೆ ನೀನು ಏನ್ ಮಾಡ್ತೀಯ ಅಂತ ಗೊತ್ತಿತ್ತು. ಗುಂಡಿ ದಿಣ್ಣೆ ಇರೋ ಹುಲ್ಲುಗಾವಲು ನೀನು ಇಟ್ಕೊಂಡು, ಸಮ ಇರೋ ಲಾನ್ ನನಗೆ ಕೊಡ್ತಿದ್ದೆ. ಯಾರೂ ಕೂಗದೆ ನೀನು ಆರಾಮಾಗಿ ಇರೋದು ಅಲ್ಲೊಂದೇ ಕಡೆ. ಅದನ್ನ ಹೇಗೆ ಕಿತ್ಕೊಳ್ಳಲಿ ಕಣೇ?”

ಅವಳು ಯಾರಿಗೂ ಹೇಳಿರದ ಮಾತು ಅದು. ಅವಳಿಗೆ ಅಳು ಬಂತು, ತಡೆಯಲು ಹೋಗಲಿಲ್ಲ. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಹುಲ್ಲುಗಾವಲು ಇನ್ನೂ ದೂರ ಇದೆ. ಅಲ್ಲಿದ್ರೆ ಎಂಜಿನ್ ನಿಲ್ಲಿಸಿದ್ರೂ ಅತ್ತೆ ಕೂಗೋದು ಕೇಳಿಸಲ್ಲ” ಎಂದಳು.

ಅವನು ನಗಲು ಹೋಗಿ ಸೊಂಟ ಹಿಡಿದುಕೊಂಡ.

“ಇಳೀರಿ. ಈ ಗಾಡೀನೇ ತಗೊಳ್ಳೋಣ. ನಾಳೆ ಮೊದಲು ಡಾಕ್ಟರ ಹತ್ರ, ಆಮೇಲೆ ಶೋರೂಮಿಗೆ.”

ಅವನನ್ನು ಮೆಲ್ಲಗೆ ಇಳಿಸಿ, ಅವಳು ಸೀಟಿನಡಿ ಬಗ್ಗಿದಳು. ಎರಡೂ ಕೈ ಹಾಕಿ ಗುಂಡಿಯನ್ನು ಅವನ ತೂಕಕ್ಕೆ ತಿರುಗಿಸಿದಳು. “ಈಗ ಕೂತು ನೋಡಿ” ಎಂದಳು, “ನಿಧಾನಕ್ಕೆ.”