ಐದು ಗಂಟೆಯೊಳಗಿನ ಜಪಸರ

ಸಾವಿನ ಮನೆಗೆ ಅರ್ಜಿ ಹಿಡಿದು ಹೋಗುವುದು ಮರ್ಯಾದೆಯಲ್ಲವೆಂದು ಬ್ರೋನಾಳಿಗೆ ಗೊತ್ತಿತ್ತು. ಅದಕ್ಕೇ ಅದನ್ನು ನಾಲ್ಕಾಗಿ ಮಡಚಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡಿದ್ದಳು.

ಬೇರೆ ದಾರಿಯಿರಲಿಲ್ಲ. ಸಸಿ ಬೆಳೆಸುವ ಗಾಜಿನ ಮನೆ, ಕೋಳಿ ಫಾರಮ್ಮುಗಳನ್ನು ಬಿಸಿಯಾಗಿಡಲು ಮರದ ಪುಡಿಯ ಗುಳಿಗೆ ಉರಿಸುವ ಬಾಯ್ಲರುಗಳಿಗೆ ಸರಕಾರ ಕೊಡುತ್ತಿದ್ದ ಸಹಾಯಧನ ಅವತ್ತು ಸಂಜೆ ಐದಕ್ಕೆ ಹೊಸಬರಿಗೆ ಮುಚ್ಚಿಹೋಗಲಿತ್ತು. ಅವಳ ಗಾಜಿನ ಮನೆಯಲ್ಲಿ ಬಾಯ್ಲರು ಉರಿಯತೊಡಗಿ ಎರಡು ದಿನವಾಗಿತ್ತು. ಫೆಬ್ರವರಿಯ ಆ ಚಳಿಯಲ್ಲೂ ಟೊಮೇಟೊ ಸಸಿಗಳು ಬೆಚ್ಚಗೆ ಎರಡೆರಡು ಎಲೆ ಬಿಟ್ಟಿದ್ದವು. ಆದರೆ ಬಾಯ್ಲರು ಕೂರಿಸಿದ ಫರ್ಗಸ್ ಅರ್ಜಿಗೆ ಬೇಕಿದ್ದ ತನ್ನ ಸಹಿ ಹಾಕಲು ಪೆನ್ನು ತೆಗೆಯುವುದಕ್ಕೂ, ಅವನ ಸೋದರತ್ತೆ ಸಿಸ್ಸಿ ತೀರಿಕೊಂಡಳೆಂದು ಫೋನು ಬರುವುದಕ್ಕೂ ಸರಿಹೋಗಿತ್ತು. ಪೆನ್ನನ್ನು ಬಾಯಲ್ಲಿ ಕಚ್ಚಿಕೊಂಡೇ ಓಡಿದ್ದ. ಸಹಾಯಧನ ತಪ್ಪಿದರೆ ಗಾಜಿನ ಮನೆ ಮಾರಬೇಕು. ಬ್ರೋನಾ ಮತ್ತೆ ಬೆಲ್‌ಫಾಸ್ಟಿನ ಕಾಲ್ ಸೆಂಟರಿಗೆ, ದಿನಕ್ಕೆ ನೂರು ಮಂದಿ ಅಪರಿಚಿತರ ಜತೆ ಮಾತಾಡುವ ಕೆಲಸಕ್ಕೆ ಹಿಂತಿರುಗಬೇಕು. ಅವಳೋ ಅಂಗಡಿಯಲ್ಲಿ ಬ್ರೆಡ್ಡನ್ನೂ ಬೆರಳು ತೋರಿಸಿಯೇ ಕೊಳ್ಳುವವಳು.

ಬಾಗಿಲಲ್ಲಿ ಸಿಸ್ಸಿಯ ತಂಗಿ ಡಿಂಫ್ನಾ ಬಂದವರ ಕೈ ಕುಲುಕುತ್ತ ನಿಂತಿದ್ದಳು. ಸಾಲು ಗೇಟು ದಾಟಿ ರಸ್ತೆಗಿಳಿದಿತ್ತು.

"ಎಷ್ಟು ಜನ ನೋಡಮ್ಮ ನಮ್ಮ ಸಿಸ್ಸಿಗೆ! ಟೈರೋನ್ ಸೀಮೆಯ ಕೋಳಿ ಫಾರಮ್ಮಿನೋರೆಲ್ಲ ಬಂದುಬಿಟ್ಟಿದಾರೆ. ಅವಳೋ ಕೋಳಿ ಕಂಡ್ರೆ ಕೂಗಾಡ್ತಿದ್ಲು."

ಬ್ರೋನಾ ತಲೆ ತಗ್ಗಿಸಿದಳು. ಮುಂದಿದ್ದವನ ಕೋಟಿನೊಳಗೆ ಕಾಗದ ಸರಸರ ಎನ್ನುತ್ತಿತ್ತು. ಅವನ ಮುಂದಿನವನದೂ ಅಷ್ಟೇ.

ಅಡುಗೆಮನೆಯಲ್ಲಿ ಫರ್ಗಸ್ ಮೊಟ್ಟೆ ಸ್ಯಾಂಡ್‌ವಿಚ್ಚಿನ ತಟ್ಟೆಗಳ ನಡುವೆ ಕೂತು ಸಹಿ ಮೇಲೆ ಸಹಿ ಹಾಕುತ್ತಿದ್ದ. ಕಣ್ಣು ಅತ್ತು ಕೆಂಪಾಗಿದ್ದರೂ ಕೈ ನಿಂತಿರಲಿಲ್ಲ.

"ನಿಮ್ಮ ದುಃಖದಲ್ಲಿ..." ಎಂದಳು ಬ್ರೋನಾ.

"ಗೊತ್ತು, ಗೊತ್ತು. ಕೊಡಿಲ್ಲಿ. ಮೊದ್ಲು ಟೀ ಕುಡಿ. ಕುಡೀದೆ ಹೋದ್ರೆ ಡಿಂಫ್ನಾ ಅತ್ತೆ ನನ್ನೂ ಆ ಶವಪೆಟ್ಟಿಗೇಲಿ ಮಲಗಿಸ್ತಾಳೆ."

"ಇಲ್ಲಿ ಸಿಗ್ನಲ್..." ಎಂದಳು ಬ್ರೋನಾ, ಸಹಿ ಬಿದ್ದ ಅರ್ಜಿಯನ್ನು ಒಂದು ಕೈಯಲ್ಲೂ ಅದನ್ನು ಕಳಿಸಬೇಕಾದ ಫೋನನ್ನು ಇನ್ನೊಂದರಲ್ಲೂ ಹಿಡಿದು.

"ಮನೇಗೆಲ್ಲ ಒಂದೇ ಕಡೆ ಕಣೆ. ಸಿಸ್ಸಿ ಅತ್ತೆ ತಲೆಬದಿ ಕಿಟಕಿ."

ಸಿಸ್ಸಿ ನೀಲಿ ಉಡುಪಿನಲ್ಲಿ, ಶವಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಮಲಗಿದ್ದಳು. ಅವಳ ತಲೆಬದಿಯಲ್ಲಿ ಆರೇಳು ದಪ್ಪ ಗಂಡಸರು ಕುತ್ತಿಗೆ ಬಗ್ಗಿಸಿ ನಿಂತಿದ್ದರು. ನೋಡಿದವರು ಪ್ರಾರ್ಥನೆಯೆಂದುಕೊಳ್ಳಬೇಕು, ಹಾಗೆ. ಎಲ್ಲರ ಅಂಗೈಯಲ್ಲೂ ಫೋನು.

"ಸರ್ಕೊಳ್ರೋ, ಹುಡುಗಿ ಬಂದಿದಾಳೆ," ಎಂದು ಟರ್ಕಿಕೋಳಿ ಸಾಕುವ ಪ್ಯಾಕಿ ಪಿಸುಗುಟ್ಟಿ ಕಿಟಕಿಗೆ ಜಾಗ ಬಿಟ್ಟ.

ಬ್ರೋನಾ ಅರ್ಜಿಯ ಚಿತ್ರ ತೆಗೆದು ಕಳಿಸುವ ಗುಂಡಿ ಒತ್ತಿದಳು. ನಾಲ್ಕು ಪರ್ಸೆಂಟ್. ಐದು. ಗಂಟೆ ನಾಲ್ಕೂ ನಲವತ್ತೇಳು. ಅಷ್ಟರಲ್ಲಿ ಫಾದರ್ ಒಳಗೆ ಬಂದರು. ಎಲ್ಲರೂ ದಬದಬನೆ ಮೊಣಕಾಲೂರಿದರು.

"ಜಪಸರದ ಒಂದು ಹತ್ತು, ಬರೀ ಹತ್ತು 'ನಮೋ ಮರಿಯ' ಪ್ರಾರ್ಥನೆ ಹೇಳೋಣ. ಆಮೇಲೆ ಎಲ್ರೂ ಆಚೆ ನಡೀರಿ, ಮನೆಯವರಷ್ಟೇ ಇರ್ಲಿ." ಫಾದರ್ ಕೆಮ್ಮಿದರು. "ನನ್ನ ಗಂಟಲು ಕಟ್ಟಿದೆ. ಕಿಟಕಿ ಹತ್ರ ಇರೋ ಮಗಳು ಶುರು ಮಾಡ್ಲಿ."

ಬ್ರೋನಾ ಹಿಂದೆ ತಿರುಗಿ ನೋಡಿದಳು. ಅಲ್ಲಿ ಬೇರೆ ಮಗಳು ಯಾರೂ ಇರಲಿಲ್ಲ.

ಮೊದಲ "ನಮೋ ಮರಿಯ" ಸೊಳ್ಳೆಯ ದನಿಯಲ್ಲಿ ಹೊರಟಿತು. ಪ್ರಾರ್ಥನೆಯ ಮಿಕ್ಕರ್ಧ ಹೇಳಿ ಕೋಣೆ ಗುಡುಗಿನಂತೆ ಉತ್ತರಿಸಿತು. ಎರಡನೆಯದು, ಮೂರನೆಯದು. ಒಂದು ಕೈಯಲ್ಲಿ ಫೋನನ್ನು ಕಿಟಕಿಯ ಹಲಗೆಗೆ ಒತ್ತಿ ಹಿಡಿದಿದ್ದಳು. ಹತ್ತನೆಯದು ಮುಗಿದಾಗ ಅರವತ್ತೊಂದು ಪರ್ಸೆಂಟ್.

ಈಗ ನಿಲ್ಲಿಸಿದರೆ ಆಚೆ ನಡೆಯಬೇಕು. ಬ್ರೋನಾ ಕಣ್ಣು ಮುಚ್ಚಿ ಹನ್ನೊಂದನೆಯದನ್ನು ಶುರು ಮಾಡಿಬಿಟ್ಟಳು.

ಫಾದರ್ ಹುಬ್ಬೇರಿಸಿದರು. ಜನ ಮಾತ್ರ ಎಂದೂ ಇಲ್ಲದ ಹುರುಪಿನಿಂದ ಉತ್ತರಿಸಿದರು. ಹನ್ನೆರಡು. ಹದಿಮೂರು. ಹದಿನಾಲ್ಕರ ನಡುವೆ ಫೋನು ಅಂಗೈಯಲ್ಲಿ ನಡುಗಿತು: ನಿಮ್ಮ ಅರ್ಜಿ ತಲುಪಿದೆ. ಅವಳ ಎದೆಯೊಳಗೆ ಕಚಗುಳಿಯಿಟ್ಟಂತಾಯಿತು. ನಗು ತುಟಿಯವರೆಗೆ ಬಂತು. ಅದನ್ನು ಬಿಕ್ಕಳಿಕೆಯಾಗಿ ತಿರುಗಿಸಿ "ಆಮೆನ್" ಎನ್ನಲು ಬಾಯಿ ತೆರೆದಳು.

"ನಿಲ್ಲಿಸ್ಬೇಡ ಮಾರಾಯ್ತಿ!" ಹಿಂದಿನಿಂದ ಪ್ಯಾಕಿಯ ಪಿಸುದನಿ. "ನಂದು ಎಂಬತ್ತಕ್ಕೆ ಬಂದಿದೆ."

"ನಂದು ಎಪ್ಪತ್ತು," ಎಂದಿತು ಇನ್ನೊಂದು ಗಂಟಲು.

"ನಂದಿನ್ನೂ ನಲವತ್ತು ಕಣಮ್ಮಾ, ದೇವರಾಣೆ!"

ಬ್ರೋನಾ ಉಸಿರೆಳೆದುಕೊಂಡಳು. ಹದಿನೈದು. ದನಿ ಎಲ್ಲಿಂದ ಬಂತೋ ಅವಳಿಗೇ ತಿಳಿಯದು; ಅದು ಅಡುಗೆಮನೆಗೂ ಕೇಳಿಸಿ ಅಲ್ಲಿಂದ ಫರ್ಗಸ್ ಕೂಡ ಓಗೊಟ್ಟ. ಹದಿನೆಂಟು, ಇಪ್ಪತ್ತು. ಡಿಂಫ್ನಾ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು, "ಯಾರ ಮಗಳೋ, ಎಂಥ ಭಕ್ತಿ!" ಎಂದು ಬಿಕ್ಕುತ್ತಿದ್ದಳು.

ಇಪ್ಪತ್ತೆರಡಕ್ಕೆ ಫಾದರ್ ತಡೆಯಲಾರದೆ, "ಮಗಳೇ, ಹತ್ತು ಅಂದ್ರೆ ಹತ್ತು," ಎಂದರು.

ಗಂಟೆ ನಾಲ್ಕೂ ಐವತ್ತೆಂಟು. ಹಿಂದಿನಿಂದ "ನಂದಿನ್ನೂ ತೊಂಬತ್ತು" ಎಂಬ ಪಿಸುದನಿ. ತುಂಬಿದ ಕೋಣೆಯಲ್ಲಿ ಬ್ರೋನಾ ಪಾದ್ರಿಯ ಮುಖವನ್ನೇ ನೋಡಿದಳು.

"ಸುಮ್ನಿರಿ ಫಾದರ್, ನೀವು ಲೆಕ್ಕ ತಪ್ಪಿಸ್ಬಿಟ್ರಿ," ಎಂದಳು. "ಮೊದಲಿಂದ ಹೇಳ್ಬೇಕು ಈಗ."