ಗೆಲ್ಲುವವರ ಹೆಸರಿಗೆ

"ನಿಮಗೆ ಓಟು ಹಾಕ್ದೆ ಇನ್ಯಾರಿಗೆ ಹಾಕ್ತೀವಿ ಅಕ್ಕಾ?" ಎಂದ ದರ್ಜಿ. ಆದರೆ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಸೂಜಿ ಯಾರದೋ ಪ್ಯಾಂಟಿನ ಮಡಿಕೆಯ ಮೇಲೆ ಕಟಕಟ ಓಡುತ್ತಲೇ ಇತ್ತು.

ಎಲ್ಲರ ಅರ್ಜಿ ಬರೆದುಕೊಟ್ಟು 'ಅರ್ಜಿ ಅಕ್ಕ' ಎಂದೇ ಹೆಸರಾದವಳಿಗೆ ಅದು ಸರಿ ಕಾಣಲಿಲ್ಲ. ಈ ಮನುಷ್ಯನ ಅಂಗಡಿ ಪರವಾನಗಿಗಾಗಿ ನಗರಸಭೆಯ ಕಿಟಕಿಯ ಮುಂದೆ ಅವಳು ಹನ್ನೊಂದು ದಿನ ನಿಂತಿದ್ದಳು. ಅಂದಿನಿಂದ ಅವಳು ಬಾಗಿಲಿಗೆ ಬಂದರೆ ಸಾಕು, ಯಂತ್ರ ನಿಲ್ಲಿಸಿ ಎದ್ದು ಬಂದು ಮಾತಾಡಿಸುವವನು. ಇವತ್ತು ಅವನ ಕಾಲು ಪೆಡಲಿನಿಂದ ಇಳಿಯಲೇ ಇಲ್ಲ. ಅಕ್ಕ ತನ್ನ ನಗರಸಭೆ ಚುನಾವಣೆಯ ಕರಪತ್ರವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾನಲ್ಲ ಅತ್ತಿಗೆ, ಈ ಪುಣ್ಯಾತ್ಮ!" ಎಂದಳು ನಾದಿನಿ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಎರಡು ವಾರ ರಜೆ ಹಾಕಿ ಅತ್ತಿಗೆಯ ಜೊತೆ ಕಾಲಿಗೆ ಚಕ್ರ ಕಟ್ಟಿಕೊಂಡು ಸುತ್ತುತ್ತಿದ್ದಳು. ವಾರ್ಡಿನ ಒಂದೊಂದು ಬೀದಿಯೂ ಅವಳ ಬೆರಳ ತುದಿಯಲ್ಲಿತ್ತು. ಉಳಿದ ಕಡೆ ಸಮಸಮ. ಈ ಕೆಳಗಿನ ಓಣಿಯ ಇನ್ನೂರ ಹತ್ತು ಮತ ಬಂದರೆ ಅತ್ತಿಗೆ ಗೆದ್ದಳು, ಬಾರದಿದ್ದರೆ ಅವಳ ಎದುರು ನಿಂತ ಗುತ್ತಿಗೆದಾರ ಗೆದ್ದ. ಅಷ್ಟೇ ಲೆಕ್ಕ. ಕೆಳಗಿನ ಓಣಿ ಎಂದರೆ ಅರ್ಜಿ ಅಕ್ಕನ ತವರುಮನೆ ಇದ್ದ ಹಾಗೆ, ಅಲ್ಲಿಗೆ ಪ್ರಚಾರ ಯಾಕೆ ಎಂದು ಇಬ್ಬರೂ ಅದನ್ನು ಕೊನೆಯ ಮಧ್ಯಾಹ್ನಕ್ಕೆ ಬಿಟ್ಟಿದ್ದರು. ಸಂಜೆ ಐದಕ್ಕೆ ಪ್ರಚಾರ ಮುಗಿಯುತ್ತದೆ. ಈಗ ನಾಲ್ಕು.

ಅಕ್ಕನಿಗೆ ಗೆಲ್ಲಲೇಬೇಕಿತ್ತು. ಬೇರೆಯವರ ಮುಂದೆ 'ಜನರ ಒತ್ತಾಯ' ಎಂದು ಹೇಳುತ್ತಿದ್ದಳು, ನಿಜ ಬೇರೆ ಇತ್ತು. ಹತ್ತೊಂಬತ್ತು ವರ್ಷ ಅವರಿವರ ಅರ್ಜಿ ಬರೆದು, ಮೂರು ಪ್ರತಿ ಮಾಡಿಸಿ, ಅವರ ಜೊತೆಗೇ ಹೋಗಿ, ಮೊಹರು ಬೀಳುವ ತನಕ ಕಿಟಕಿಯ ಮುಂದೆ ನಿಂತು ನಿಂತು ಎರಡೂ ಮಂಡಿ ಸವೆದಿದ್ದವು. ಇನ್ನು ಐದು ವರ್ಷ ಆ ಕಿಟಕಿಯ ಮುಂದೆ ನಿಲ್ಲಲು ಕಾಲಿಗೂ ಆಗದು, ಮನಸ್ಸಿಗೂ ಆಗದು. ಒಂದೇ ಒಂದು ಸಲ ಕೇಳುವ ಕಡೆ ಅಲ್ಲ, ಮಾಡುವ ಕಡೆ ಇರಬೇಕು. ಅಷ್ಟಾದರೆ ಸಾಕು ಅನ್ನಿಸಿತ್ತು.

ಮುಂದಿನ ಆರು ಮನೆಗಳಲ್ಲೂ ದರ್ಜಿಯ ಅಂಗಡಿಯದೇ ಕಥೆ. ನಕ್ಕರು, ನೀರು ಕೊಟ್ಟರು, ಕಣ್ಣು ತಪ್ಪಿಸಿದರು. ಒಬ್ಬಾಕೆಯಂತೂ ಕರಪತ್ರ ತೆಗೆದುಕೊಂಡು, ಸಾವಾದ ಮನೆಯವರನ್ನು ಸಮಾಧಾನ ಮಾಡುವ ಹಾಗೆ ಅಕ್ಕನ ಕೈ ಹಿಡಿದುಕೊಂಡಳು. ಓಣಿಯ ತುದಿಗೆ ಬರುವ ಹೊತ್ತಿಗೆ ನಾದಿನಿಯ ಮುಖ ಕೆಂಪಗಾಗಿತ್ತು.

ತುದಿಯ ಮನೆ ಇಸ್ತ್ರಿ ಅಜ್ಜಿಯದು. ಮುಂದಿನ ಕೋಣೆಯೇ ಅಂಗಡಿ: ಉದ್ದನೆ ಮೇಜು, ಅದರ ಮೇಲೆ ಸುಟ್ಟ ಕಲೆಗಳ ಕಂಬಳಿ, ಗೋಡೆಯುದ್ದಕ್ಕೂ ಹ್ಯಾಂಗರಿಗೆ ತೂಗಿದ ಅಂಗಿಗಳು. ಅಂಗಿಗಳನ್ನೆಲ್ಲ ಎದೆಯೆತ್ತರಕ್ಕಿಂತ ಮೇಲೆಯೇ ತೂಗುಹಾಕಿದ್ದಳು. ಮೋರಿ ಉಕ್ಕಿದಾಗ ನೀರು ಎಲ್ಲಿಯವರೆಗೆ ಬರುತ್ತದೆಂದು ಗೋಡೆಯ ಮೇಲಿನ ಕಂದು ಗೆರೆಯೇ ಹೇಳುತ್ತಿತ್ತು. ಆ ಮೋರಿ ಕಟ್ಟಿಸಿದವನು ಇದೇ ಗುತ್ತಿಗೆದಾರ.

ಅಜ್ಜಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ನೋಡಮ್ಮ, ನಾವ್ಯಾರೂ ನಿನಗೆ ಹಾಕ್ತಿಲ್ಲ," ಎಂದಳು.

ಅಕ್ಕ ಚಾಚಿದ್ದ ಕರಪತ್ರವನ್ನು ಹಿಂದಕ್ಕೆ ತೆಗೆದುಕೊಂಡಳು. "ನಾನೇನು ತಪ್ಪು ಮಾಡಿದೆ ಅಜ್ಜಿ?"

"ಅಯ್ಯೋ, ತಪ್ಪು ಅಂತ ಯಾರಂದ್ರು? ಓಣಿಯವರೆಲ್ಲ ಕೂತು ಮಾತಾಡಿದ್ವಿ. ಆ ಗುತ್ತಿಗೆದಾರ ಗೆದ್ರೆ ಏನೂ ಮಾಡಲ್ಲ, ಅದು ಗೊತ್ತಿರೋದೇ. ಆದ್ರೆ ಅವನ ಹತ್ರ ಜಗಳ ಆಡೋಕೆ ನೀನಿರ್ತೀಯ. ನೀನೇ ಒಳಗೆ ಹೋಗಿ ಕೂತ್ರೆ, ಹೊರಗೆ ನಮ್ಮ ಜೊತೆ ನಿಲ್ಲೋರು ಯಾರು? ಅವನು ಬಂದು ನಿಲ್ತಾನಾ?"

"ನಾನು ಒಳಗೆ ಹೋದ್ರೆ ನೀವು ನಿಲ್ಲೋದೇ ಬೇಕಾಗಲ್ಲ ಅಜ್ಜಿ."

"ಹೋದೋರೆಲ್ಲ ಹಾಗೇ ಅಂದಿದ್ರು ಕಣಮ್ಮ. ಕುರ್ಚಿ ಮೇಲೆ ಕೂತೋರನ್ನ ನಂಬಬೇಡಿ, ಅಂತ ಹೇಳಿಕೊಟ್ಟಿದ್ದು ಯಾರು? ನೀನೇ ತಾನೆ?"

"ಗುರುವಿಗೇ ತಿರುಮಂತ್ರ!" ಎಂದು ನಾದಿನಿ ಸಿಡಿದಳು. "ಇವರ ಮಂಡಿ ನೋಡಿದ್ದೀರಾ ನೀವು? ಮೆಟ್ಟಿಲು ಹತ್ತೋಕಾಗದೆ ರಾತ್ರಿಯೆಲ್ಲ ನರಳ್ತಾರೆ. ಸ್ವಲ್ಪನಾದ್ರೂ ಕರುಳು ಬೇಡ್ವಾ?"

ಅಜ್ಜಿಗೆ ಬೇಜಾರಾಗಲಿಲ್ಲ. ಅದೇ ಮಾತಿಗೆ ಕಾಯುತ್ತಿದ್ದವಳಂತೆ ಒಳಗೆ ಹೋಗಿ, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚದ ಒಂದು ಮಡಚುವ ಕುರ್ಚಿ ತಂದು ಬಿಡಿಸಿಟ್ಟಳು. "ಗೊತ್ತಿಲ್ಲ ಅಂದ್ಕೊಂಡ್ಯಾ? ಓಣಿಯವರೆಲ್ಲ ಸೇರಿ ತಂದಿದ್ದು. ಇನ್ಮೇಲೆ ಕಿಟಕಿ ಮುಂದೆ ನಿಲ್ಲೋದು ಬೇಡ, ಕೂತ್ಕೊಂಡೇ ಕಾಯಬಹುದು. ಹೊತ್ಕೊಂಡು ಬರೋಕೆ ನಾವಿದ್ದೀವಿ. ಕೂತ್ಕೋ, ಗಟ್ಟಿ ಇದೆಯಾ ನೋಡು."

ಅಕ್ಕನಿಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇವರನ್ನು ಬೈಯೋಣವೆಂದರೆ ಬೈಯಲು ಏನಿದೆ? ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ, ಅದೇ ಕುತ್ತಿಗೆಗೆ ಬಂದಿತ್ತು. ನಿಂತೇ ಜಗಳ ಆಡಬೇಕು ಅಂದುಕೊಂಡಳು, ಆದರೆ ಮಂಡಿ ಕೇಳಲಿಲ್ಲ. ಕೂತಳು. ಕುರ್ಚಿ ಗಟ್ಟಿಯಾಗಿಯೇ ಇತ್ತು.

"ಅತ್ತಿಗೆ, ಏಳಿ. ಇನ್ನೂ ಅರ್ಧ ಗಂಟೆ ಇದೆ. ಮೇಲಿನ ಬೀದೀಲಿ ನಲವತ್ತು ಮನೆ ಬಾಕಿ. ಅಲ್ಲಾದ್ರೂ ಹೋಗಿ ಕೇಳೋಣ."

"ಏಳ್ತೀನಿ. ಒಂದು ನಿಮಿಷ."

"ಹೇಗೂ ಕೂತಿದ್ದೀಯಲ್ಲ," ಎಂದು ಅಜ್ಜಿ ಮೇಜಿನ ಕೆಳಗಿಂದ ಒಂದು ಬಿಳಿ ಹಾಳೆ ತೆಗೆದು ಕಂಬಳಿಯ ಮೇಲೆ ಹಾಸಿದಳು. ಇಸ್ತ್ರಿ ಮಾಡಿದ್ದಳೋ ಏನೋ, ಹಾಳೆ ಬಿಸಿಯಾಗಿತ್ತು. "ಮೋರಿ ವಿಷಯ ಒಂದು ಅರ್ಜಿ ಬರೆದುಕೊಟ್ಟು ಹೋಗು. ಮಳೆ ಹತ್ರ ಬಂತು. ಗೆದ್ದೋರ ಮನೆ ಬಾಗಿಲಿಗೆ ಸೋಮವಾರ ಬೆಳಿಗ್ಗೆ ಮೊದಲು ನಾವೇ ಹೋಗೋಣ."

"ಅಜ್ಜಿ, ಇನ್ನೂ ಮತ ಹಾಕೇ ಇಲ್ಲ!" ಎಂದು ನಾದಿನಿ ಕೂಗಿದಳು. ಅತ್ತಿಗೆ ಏನಾದರೂ ಅನ್ನುತ್ತಾಳೆಂದು ಅವಳ ಮುಖ ನೋಡಿದಳು. ಅತ್ತಿಗೆ ಗೋಡೆಯ ಕಂದು ಗೆರೆ ನೋಡುತ್ತಿದ್ದಳು. "ನಾನಾದ್ರೂ ಹೋಗ್ತೀನಿ," ಎಂದು ನಾದಿನಿ ಉಳಿದ ಕರಪತ್ರಗಳನ್ನು ಎದೆಗವಚಿಕೊಂಡು ಬಿರಬಿರನೆ ಹೊರಟುಹೋದಳು. ಅವಳ ಚಪ್ಪಲಿಯ ಸದ್ದು ಓಣಿಯುದ್ದಕ್ಕೂ ಕೇಳಿ ಆಮೇಲೆ ನಿಂತಿತು.

ಅಕ್ಕ ಪೆನ್ನು ತೆಗೆದಳು. ವಿಷಯ, ಮೋರಿಯ ಅಳತೆ, ಹಿಂದೆ ಕೊಟ್ಟ ಐದು ಅರ್ಜಿಗಳ ದಿನಾಂಕ, ನೀರು ನುಗ್ಗಿದ ಮನೆಗಳು, ಎಲ್ಲವೂ ಬಾಯಿಪಾಠವಿತ್ತು, ತಡವರಿಸದೆ ಬರೆದಳು. ಮೇಲುಗಡೆ ವಿಳಾಸದ ಜಾಗ ಮಾತ್ರ ಖಾಲಿ ಬಿಟ್ಟಿದ್ದಳು. ಅಜ್ಜಿಗೆ ತನ್ನ ಸಹಿಯೊಂದು ಬಿಟ್ಟು ಓದು ಬರಹ ಬಾರದು, ಆದರೂ ಖಾಲಿ ಜಾಗ ಕಾಣದೇ ಇರುತ್ತದೆಯೇ?

"ಇಲ್ಲಿ ಹೆಸರು ಬರಬೇಕಲ್ವೇನಮ್ಮ?"

"ಬರಬೇಕು."

"ಮತ್ತೆ ಬರಿ. ಅವನಿಗೆ ಕಣ್ಣು ಸರಿಯಾಗಿ ಕಾಣಲ್ವಂತೆ, ಸ್ವಲ್ಪ ದಪ್ಪಗೆ ಬರಿ."

ಅಕ್ಕ 'ಮಾನ್ಯ ಸದಸ್ಯರಿಗೆ' ಎಂದು ಬರೆದು, ಅದರ ಕೆಳಗೆ ಗುತ್ತಿಗೆದಾರನ ಪೂರ್ತಿ ಹೆಸರು ಬರೆದಳು. ಅಜ್ಜಿ ಬಗ್ಗಿ ನೋಡಿ, ಇನ್ನೂ ತೆಳ್ಳಗಿದೆ ಎಂದಳು. ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಅದೇ ಅಕ್ಷರಗಳ ಮೇಲೆ ನಿಧಾನವಾಗಿ, ಒಂದಾದ ಮೇಲೊಂದರಂತೆ, ಮತ್ತೊಮ್ಮೆ ಪೆನ್ನು ಆಡಿಸತೊಡಗಿದಳು.